ಹದಿಮೂರನೆಯ ಡ್ರಿಲ್

ಆ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ. ನೆಲಮಹಡಿಯನ್ನೇ ಮೊದಲನೆಯದೆಂದು ಎಣಿಸಿದರೆ ನಾಲ್ಕು ಮಹಡಿ, ಮಹಡಿಗೆ ಆರರಂತೆ. ಎರಡನೇ ಮಹಡಿಯ ಮೂಲೆಮನೆಯಾಕೆಯನ್ನು ಎಲ್ಲರೂ ಲ್ಯಾಬಮ್ಮ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಹೆಸರು ಇಟ್ಟವರು ಯಾರೋ ಏನೋ, ಅದು ಆಕೆಯ ಕಿವಿಗೂ ಬಿದ್ದಿತ್ತು. ಬೇಸರವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಒಂದು ಶಾಲೆಯ ಪ್ರಯೋಗಾಲಯ ನೋಡಿಕೊಂಡವಳು ಆಕೆ. ಟೀಚರ್ ಅಲ್ಲ. ಟೀಚರ್ ಬಂದು ಪಾಠ ಹೇಳಿ ಹೋದ ಮೇಲೆ ಗಾಜಿನ ಕೊಳವೆಗಳನ್ನು ತೊಳೆದು, ಎಣಿಸಿ, ಕಪಾಟಿಗೆ ಸೇರಿಸಿ ಬೀಗ ಹಾಕುವವಳು. ಅರವತ್ತು ಮಕ್ಕಳಿಗೆ ಇದ್ದದ್ದು ಎರಡೇ ಸೂಕ್ಷ್ಮದರ್ಶಕ. ಮಕ್ಕಳು ಸಾಲಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಈರುಳ್ಳಿ ಸಿಪ್ಪೆಯ ಕೋಶ ನೋಡಿ, ಹಿಂದಿನವರಿಗೆ ಜಾಗ ಬಿಟ್ಟು ಹೋಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ನೋಡದೆ ಹೋದ ಮಗು ಒಂದೂ ಇಲ್ಲ. ಒಡೆದ ಮಸೂರ ಒಂದೇ ಒಂದು. ಮನುಷ್ಯರು ಹಂಚಿಕೊಂಡು ಬದುಕಬಲ್ಲರು ಎಂಬ ಆಕೆಯ ನಂಬಿಕೆಗೆ ಆಧಾರ ಇಷ್ಟೇ.

ಎಲ್ಲ ಶುರುವಾದದ್ದು ಒಂದು ಭಾನುವಾರ ಬೆಳಗ್ಗೆ. ಮೇಲಿನ ಮನೆಯಲ್ಲಿ ಗೋಡೆ ಕೊರೆಯುವ ಸದ್ದು. ಅದು ನಿಂತಿತು ಅನ್ನುವಷ್ಟರಲ್ಲಿ ಎಡಗಡೆಯಿಂದ. ಅದಾದ ಮೇಲೆ ಕೆಳಗಿನಿಂದ. ಹಲ್ಲು ಜುಮ್ಮೆನ್ನಿಸುವ ಆ ಗುರ್ರ್ ಸದ್ದಿಗೆ ಚಹಾದ ಲೋಟ ಮೇಜಿನ ಮೇಲೆ ತಾನಾಗಿ ನಡೆಯತೊಡಗಿತು. ಲ್ಯಾಬಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಜಗಳಕ್ಕಲ್ಲ, ನೋಡುವುದಕ್ಕೆ. ಮೇಲಿನವರು ಗಡಿಯಾರ ತೂಗುಹಾಕುತ್ತಿದ್ದರು, ಎಡಗಡೆಯವರು ಪರದೆಯ ಕೋಲು ಕೂರಿಸುತ್ತಿದ್ದರು, ಕೆಳಗಿನವರು ಕನ್ನಡಿ. ಮೂರು ಮನೆ, ಮೂರು ಹೊಚ್ಚ ಹೊಸ ಡ್ರಿಲ್ ಮೆಷಿನ್.

ಮನೆಗೆ ಬಂದವಳೇ ಗಂಡನ ಮುಂದೆ ನಿಂತಳು. ಆತ ಸೇತುವೆ ಕಟ್ಟುವ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವನು. ಈಗ ಬಿಡುವಾಗಿದ್ದಾನೆ, ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಾನೆ.

"ರೀ, ಒಂದು ಡ್ರಿಲ್ಲು ಒಂದು ಮನೇಲಿ ಒಟ್ಟು ಎಷ್ಟು ಹೊತ್ತು ಓಡುತ್ತೆ ಹೇಳಿ ನೋಡೋಣ?"

"ಕರೆಂಟ್ ಇರೋ ತನಕ."

"ತಮಾಷೆ ಬೇಡ. ವರ್ಷಕ್ಕೆ ಎರಡು ತೂತು. ತೂತಿಗೆ ಅರ್ಧ ನಿಮಿಷ. ಹದಿನೈದು ವರ್ಷ ಇಟ್ಕೊಂಡ್ರೂ ಕಾಲು ಗಂಟೆ ಆಯ್ತು. ಕಾಲು ಗಂಟೆ ಕೆಲಸಕ್ಕೆ ಅಷ್ಟು ಕಬ್ಬಿಣ, ಅಷ್ಟು ತಾಮ್ರ, ಪ್ಲಾಸ್ಟಿಕ್ಕು, ಡಬ್ಬಿ, ಡಬ್ಬಿ ಒಳಗೆ ಇನ್ನೊಂದು ಡಬ್ಬಿ! ಮಿಕ್ಕ ಹದಿನೈದು ವರ್ಷಾನೂ ಅದು ಮಂಚದ ಕೆಳಗೆ ನಿದ್ದೆ ಹೊಡೆಯುತ್ತೆ."

"ಪುಣ್ಯ ಮಾಡಿದ ಮೆಷಿನ್ನು" ಎಂದು ಗಂಡ ಪುಟ ತಿರುಗಿಸಿದ.

ಆದರೆ ಲ್ಯಾಬಮ್ಮನ ತಲೆಗೆ ಹುಳ ಹೊಕ್ಕಾಗಿತ್ತು. ಮುಂದಿನ ತಿಂಗಳು ಕಟ್ಟಡದವರ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟಳು: ಮೆಟ್ಟಿಲ ಕೆಳಗಿನ ಆ ಕತ್ತಲೆ ಕೋಣೆಯನ್ನು ಖಾಲಿ ಮಾಡೋಣ, ಒಂದು ಕಬ್ಬಿಣದ ಬೀರು ಇಡೋಣ, ಒಂದು ಡ್ರಿಲ್ಲು, ಒಂದು ಏಣಿ, ಒಂದು ಹೊಲಿಗೆ ಯಂತ್ರ, ಒಂದೆರಡು ದೊಡ್ಡ ಸೂಟ್‌ಕೇಸು, ಮಡಿಸುವ ಮೇಜು, ಎಲ್ಲರಿಗೂ ಸೇರಿ ಒಂದೊಂದು ಸಾಕು. ಯಾರಿಗೆ ಯಾವಾಗ ಬೇಕೋ ತೆಗೆದುಕೊಂಡು ಹೋಗಿ ವಾಪಸು ಇಟ್ಟರಾಯಿತು.

ಚಪ್ಪಾಳೆಯೋ ಚಪ್ಪಾಳೆ. ಸಂಘದ ಕಾರ್ಯದರ್ಶಿ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಾತಾಡುವ ಗುಂಡನೆಯ ಮನುಷ್ಯ, ಅಲ್ಲೇ ಭಾಷಣಕ್ಕೆ ನಿಂತ. "ನಮ್ಮ ಮೊಮ್ಮಕ್ಕಳಿಗೆ ನಾವು ಎಂಥಾ ಭೂಮಿ ಬಿಟ್ಟು ಹೋಗ್ತೀವಿ ಅಂತ ಯೋಚನೆ ಮಾಡಬೇಕಾದ ಕಾಲ ಬಂದಿದೆ. ಮೇಡಂ ಅವರು ನಮ್ಮ ಕಣ್ಣು ತೆರೆಸಿದ್ದಾರೆ." ಆತನ ಕಣ್ಣು ಅರ್ಧ ಮುಚ್ಚಿತ್ತು, ಊಟದ ಹೊತ್ತು ಮೀರಿತ್ತು. ಆದರೂ ಲ್ಯಾಬಮ್ಮನಿಗೆ ಅವತ್ತು ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೀರುವಿಗೆ ಮನೆಮನೆಯಿಂದ ಸಾಮಾನು ಬಂತು. ಬಂದದ್ದೇನು? ಒಂದು ಪೆಡಲಿಲ್ಲದ ವ್ಯಾಯಾಮದ ಸೈಕಲ್ಲು. ಒಂದು ಕಡೆ ಮಾತ್ರ ಸುಡುವ ಬ್ರೆಡ್ಡು ಸುಡುವ ಪೆಟ್ಟಿಗೆ. ಒಂದೇ ಒಂದು ಊರುಗೋಲು. ರೆಕ್ಕೆ ತಿರುಗದ ಫ್ಯಾನು. ತಂದವರೆಲ್ಲ ದಾನಶೂರರ ಮುಖ ಮಾಡಿಕೊಂಡೇ ತಂದರು. "ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ ಅಮ್ಮ." ಕಸಕ್ಕೆ ಹಾಕಲು ಮೈಗಳ್ಳತನ, ಕೊಟ್ಟೆವೆಂಬ ಹೆಸರು ಬೇರೆ. ಲ್ಯಾಬಮ್ಮ ಅದನ್ನೆಲ್ಲ ಗುಜರಿಯವನಿಗೆ ಒಪ್ಪಿಸಿ, ಸಂಘದ ಹಣದಲ್ಲಿ ಒಂದು ಗಟ್ಟಿ ಡ್ರಿಲ್ಲು, ಅಲ್ಯೂಮಿನಿಯಂ ಏಣಿ, ಮಡಿಸುವ ಮೇಜು, ದೊಡ್ಡದೊಂದು ಸೂಟ್‌ಕೇಸು ತರಿಸಿದಳು. ತನ್ನ ಹೊಲಿಗೆ ಯಂತ್ರವನ್ನು ತಾನೇ ಕೆಳಗಿಳಿಸಿದಳು. ಅಗಲವಾದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಒಯ್ದವರ ಮನೆ, ಒಯ್ದ ಸಮಯ, ತಂದ ಸಮಯ, ಸಹಿ. ಗೋಡೆಯ ಮೇಲೆ ಹದಿನಾರು ನಿಯಮಗಳ ಹಾಳೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಆರು. ಬೀಗದ ಕೈ ದಾರದಲ್ಲಿ ಆಕೆಯ ಕೊರಳಿಗೆ.

ಮೊದಲ ತಿಂಗಳು ಹಬ್ಬವೇ ಹಬ್ಬ. ಡ್ರಿಲ್ಲು ಹದಿನೆಂಟು ಮನೆಗೆ ಹೋಗಿ ಬಂತು. ಎರಡನೇ ತಿಂಗಳಿಗೆ ಏಣಿ ಮೂರನೇ ಮಹಡಿಗೆ ಏರಿದ್ದು ಇಳಿಯಲಿಲ್ಲ. ಅವರು ಅದರ ಮೆಟ್ಟಿಲುಗಳ ಮೇಲೆ ಒದ್ದೆ ಬಟ್ಟೆ ಹರಡುತ್ತಿದ್ದರು. ಡ್ರಿಲ್ಲಿನ ಒಂದು ಮೊನೆ ಯಾರದೋ ಗೋಡೆಯೊಳಗೇ ಮುರಿದು ಕೂತಿತು, ಅವರು ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ ತುಟಿ ಹೊಲಿದುಕೊಂಡರು. ಮಡಿಸುವ ಮೇಜು ಮಡಿಸಲಾಗದ ಮೇಜಾಗಿ ವಾಪಸು ಬಂತು.

"ಇದು ಹೇಗಾಯ್ತು?" ಎಂದು ಲ್ಯಾಬಮ್ಮ ತಂದವನನ್ನು ಕೇಳಿದಳು. ಆತ ಬ್ಯಾಂಕಿನಲ್ಲಿ ಕೆಲಸ ಮಾಡುವವನು.

"ನಾವು ತಗೊಂಡಾಗ್ಲೇ ಹೀಗಿತ್ತು."

"ನೀವು ತಗೊಂಡಾಗ ನಾನೇ ಮಡಿಸಿ ನಿಮ್ಮ ಕಂಕುಳಲ್ಲಿ ಇಟ್ಟಿದ್ದೆ ಕಣಪ್ಪ."

"ಹಾಗಾದ್ರೆ ಮಡಿಸುವಾಗ ನಿಮ್ಮ ಕೈಯಲ್ಲೇ ಏನೋ ಆಗಿರಬೇಕು" ಎಂದು ಆತ ನಯವಾಗಿ ನಕ್ಕು ಲಿಫ್ಟ್ ಹತ್ತಿದ.

ಮೂರನೇ ತಿಂಗಳಿಂದ ನೋಟ್‌ಬುಕ್ಕಿನ ಪುಟ ತುಂಬುವುದು ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಬೆಳಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮೆಟ್ಟಿಲ ಕೆಳಗೆ ಕುರ್ಚಿ ಹಾಕಿಕೊಂಡು ಲ್ಯಾಬಮ್ಮ ಒಬ್ಬಳೇ ಕೂತಿರುತ್ತಿದ್ದಳು. ಜನ ಲಿಫ್ಟಿನ ಕಡೆ ಹೋಗುವಾಗ ಮೊಬೈಲು ಕಿವಿಗೆ ಒತ್ತಿಕೊಂಡು ಹೋಗುತ್ತಿದ್ದರು. ಎಲ್ಲರ ಮನೆಯ ಗೋಡೆ ಕೆಲಸವೂ ಮುಗಿದಿರಬೇಕು ಎಂದು ಆಕೆ ಸಮಾಧಾನ ಮಾಡಿಕೊಂಡಳು. ಆದರೆ ಸದ್ದು? ಗುರ್ರ್ ಎನ್ನುವ ಸದ್ದು ಮಾತ್ರ ನಿಂತಿರಲಿಲ್ಲ. ಒಂದು ಸಂಜೆ ನೆತ್ತಿಯ ಮೇಲೇ ಸದ್ದಾದಾಗ ಬೀರು ತೆರೆದು ನೋಡಿದಳು. ಡ್ರಿಲ್ಲು ತನ್ನ ಜಾಗದಲ್ಲಿ ತಣ್ಣಗೆ ಮಲಗಿತ್ತು.

ಗುಟ್ಟು ರಟ್ಟಾದದ್ದು ಕಸದ ತೊಟ್ಟಿಯ ಪಕ್ಕ. ಅಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಚಪ್ಪಟೆ ಮಾಡಿ ಒರಗಿಸಿದ್ದರು. ಒಂದರ ಮೇಲೆ ಹಳದಿ ಡ್ರಿಲ್ಲಿನ ಚಿತ್ರ. ಇನ್ನೊಂದರ ಮೇಲೆ ಹಸಿರು ಡ್ರಿಲ್ಲು. ಮೂರನೆಯದರ ಮೇಲೆ ಕೆಂಪು, ಅದರ ಜೊತೆ "ಪರಿಸರಸ್ನೇಹಿ ಪ್ಯಾಕಿಂಗ್" ಎಂದು ಎಲೆಯ ಗುರುತು ಬೇರೆ. ಒಂದೇ ವಾರದಲ್ಲಿ ಮೂರು! ಲ್ಯಾಬಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ತನ್ನ ಆರು ತಿಂಗಳ ದುಡಿಮೆ!

ಮಾರನೇ ದಿನ ಒಂದು ಹಾಳೆ, ಒಂದು ಪೆನ್ನು ಹಿಡಿದು ಮನೆಮನೆ ಹತ್ತಿದಳು. ಮೂರು ಸಂಜೆ ಬೇಕಾಯಿತು. ಎಲ್ಲ ಬಾಗಿಲಲ್ಲೂ ಒಂದೇ ಪ್ರಶ್ನೆ: "ನಿಮ್ಮಲ್ಲಿ ಸ್ವಂತದ ಡ್ರಿಲ್ ಇದೆಯಾ?"

ಬ್ಯಾಂಕಿನವನು ಎಂದ, "ಇದೆ. ಆಫರ್‌ನಲ್ಲಿ ಬಂತು ಆಂಟಿ, ಬಿಡೋಕೆ ಮನಸ್ಸಾಗ್ಲಿಲ್ಲ."

ಏಣಿ ಇಟ್ಟುಕೊಂಡ ಮೂರನೇ ಮಹಡಿಯಾಕೆ ಎಂದಳು, "ನಾವು ತಗೊಂಡಿಲ್ಲಪ್ಪ, ನಮ್ಮ ಭಾವ ಉಡುಗೊರೆ ಕೊಟ್ಟಿದ್ದು. ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ?"

"ಏಣಿ?"

"ಯಾವ ಏಣಿ? ಓ, ಅದಾ? ಅದು ನಮ್ಮದೇ ಅಂದ್ಕೊಂಡಿದ್ವಿ!"

ಕಾರ್ಯದರ್ಶಿಯ ಮನೆಯಲ್ಲಿ ಎರಡಿದ್ದವು. ಒಂದು ಕೊಂಡರೆ ಇನ್ನೊಂದು ಉಚಿತವಾಗಿತ್ತಂತೆ. "ಮೇಡಂ, ನಾನು ಸಂಘದ ಡ್ರಿಲ್ ಯಾಕೆ ಮುಟ್ಟಲಿಲ್ಲ ಅಂದ್ರೆ, ಅಧಿಕಾರದಲ್ಲಿರೋರು ಸಾರ್ವಜನಿಕ ವಸ್ತು ಬಳಸಿದ್ರೆ ಜನ ಆಡ್ಕೋತಾರೆ" ಎಂದ ಆತ, ಎದೆ ಮುಟ್ಟಿಕೊಂಡು.

ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರ್ ಮನೆಯಲ್ಲಿ ಇರಲಿಲ್ಲ. ಲ್ಯಾಬಮ್ಮನ ಮುಖ ಅರಳಿತು. "ಬೆಳಗಿಂದ ಸಂಜೆವರೆಗೆ ಕೊರೆಯೋದೇ ಆಯ್ತಮ್ಮ ನನ್ನ ಬದುಕು" ಎಂದ ಆತ. "ಮನೆಗೆ ಬಂದೂ ಕೊರೀಲಾ? ಬಡಗಿಯವನನ್ನ ಕರೆಸ್ತೀನಿ, ಅವನೇ ತರ್ತಾನೆ."

ನೆಲಮಹಡಿಯ ನರ್ಸ್, ಆಸ್ಪತ್ರೆಯಿಂದ ಆಗಷ್ಟೇ ಬಂದವಳು, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡೇ ಬಾಗಿಲ ಕಡೆ ಕೂಗಿದಳು, "ಬನ್ನಿ ಅಮ್ಮ, ತೆರೆದಿದೆ."

"ನೀನೂ ತಗೊಂಡ್ಯಾ?"

"ತಗೊಂಡೆ."

"ಯಾಕಮ್ಮ? ಎರಡು ಗೋಡೆ ಆಚೆ ಬೀರು ಇದೆ. ನೀನು ಅವತ್ತು ಸಭೇಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ಯಲ್ಲ!"

ನರ್ಸ್ ಟವೆಲಿನಿಂದ ಕಾಲು ಒರೆಸಿಕೊಂಡಳು. "ಅಮ್ಮ, ಬೈಬೇಡಿ. ನಾನು ಬೆಳಗ್ಗೆ ಏಳಕ್ಕೆ ಹೋಗ್ತೀನಿ, ಸಂಜೆ ಏಳಕ್ಕೆ ಬರ್ತೀನಿ. ನಿಮ್ಮ ಬೀರು ಆರಕ್ಕೆ ಮುಚ್ಚುತ್ತೆ. ಎರಡು ಸಲ ಬಾಗಿಲವರೆಗೆ ಬಂದು ವಾಪಸ್ ಹೋದೆ. ಮೂರನೇ ಸಲ ಮೊಬೈಲಲ್ಲಿ ಬಟನ್ ಒತ್ತಿದೆ. ಮಾರನೇ ದಿನ ಮನೆಗೆ ಬಂತು."

"ನನ್ನ ಮನೆ ಬಾಗಿಲು ಬಡಿಯಬಹುದಿತ್ತಲ್ಲ?"

ನರ್ಸ್ ಏನೂ ಹೇಳಲಿಲ್ಲ. ಬಕೆಟ್ಟಿನ ನೀರಿನ ಕಡೆ ನೋಡಿದಳು. ಆ ಮೌನ ಯಾಕೆಂದು ಲ್ಯಾಬಮ್ಮನಿಗೆ ಆಗ ಹೊಳೆಯಲಿಲ್ಲ.

ಮೂರನೇ ಸಂಜೆ ಆಕೆ ಮನೆಗೆ ಬಂದು ಹಾಳೆಯನ್ನು ಮೇಜಿನ ಮೇಲೆ ಬಡಿದಳು. "ಹನ್ನೆರಡು! ಬೀರುವಿನಲ್ಲಿರೋದನ್ನ ಬಿಟ್ಟು ಹನ್ನೆರಡು. ಬೀರು ಇಡೋದಕ್ಕೆ ಮುಂಚೆ ಎಷ್ಟಿತ್ತು ಗೊತ್ತಾ? ಐದು. ನಾನು ಹಂಚಿಕೊಳ್ಳೋಣ ಅಂತ ಹೇಳಿದ ಮೇಲೆ ಏಳು ಹೆಚ್ಚಾಗಿದೆ ರೀ! ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಭೂಮಿಗೆ ಉಪಕಾರ ಆಗ್ತಿತ್ತು."

ಗಂಡ ಕನ್ನಡಕ ತೆಗೆದು ಒರೆಸಿದ. "ಜನ ಹಾಗೇ ಕಣೇ" ಎಂದ. ಮತ್ತೆ ಒರೆಸಿದ. ಗಾಜಿನಲ್ಲಿ ಕೊಳೆಯೇನೂ ಇರಲಿಲ್ಲ.

"ಯಾಕೆ ಹಾಗೆ? ನೀವೇ ಹೇಳಿ. ನೀರು ಕಡಿಮೆ ಆಗ್ತಿದೆ ಅಂತ ಗೊತ್ತು, ಸೆಕೆ ಏರ್ತಿದೆ ಅಂತ ಗೊತ್ತು, ಕಸ ಹಾಕೋಕೆ ಊರ ಹೊರಗೆ ಜಾಗ ಇಲ್ಲ ಅಂತ ಗೊತ್ತು. ಗೊತ್ತಿಲ್ಲದೋರಿಗೆ ಹೇಳಬಹುದು, ಗೊತ್ತಿದ್ದೂ ಮಾಡೋರಿಗೆ ಏನು ಹೇಳೋದು? ಒಂದು ಡ್ರಿಲ್ಲು ಹಂಚಿಕೊಳ್ಳೋಕಾಗದೋರು ಇನ್ನೇನು ಹಂಚಿಕೋತಾರೆ? ಇವರನ್ನ ಕಟ್ಟಿಕೊಂಡು ಜಗತ್ತು ಉಳಿಯುತ್ತಾ?"

"ಊಟ ಮಾಡು" ಎಂದ ಗಂಡ.

ಎರಡು ದಿನ ಬಿಟ್ಟು ಮಗಳ ಮನೆಗೆ ಹೋಗಬೇಕಿತ್ತು. ಮಗಳು ಅಲ್ಲಿ ಚಳಿ ಜಾಸ್ತಿ, ಹಳೇ ಉಣ್ಣೆಯ ಹೊದಿಕೆ ತನ್ನಿ ಎಂದಿದ್ದಳು. ಗಂಡ ಕ್ಷೌರಕ್ಕೆ ಹೋಗಿದ್ದ. ಲ್ಯಾಬಮ್ಮ ಸ್ಟೂಲು ಹಾಕಿಕೊಂಡು ಬಟ್ಟೆಯ ಕಪಾಟಿನ ನೆತ್ತಿಯ ಮೇಲೆ ಕೈಯಾಡಿಸಿದಳು. ಹೊದಿಕೆ ಸಿಕ್ಕಿತು. ಹೊದಿಕೆಯ ಹಿಂದೆ, ಗೋಡೆಗೆ ಒತ್ತಿ, ಹಳೇ ಟವೆಲಿನಲ್ಲಿ ಸುತ್ತಿದ್ದ ಏನೋ ಭಾರವಾದದ್ದು. ಎಳೆದಳು. ಟವೆಲು ಬಿಚ್ಚಿಕೊಂಡಿತು. ನೀಲಿ ಬಣ್ಣದ, ಕೈಯಲ್ಲಿ ಪಿಸ್ತೂಲಿನಂತೆ ಕೂರುವ, ಹೊಸ ಡ್ರಿಲ್ಲು.

ಆಕೆ ಸ್ಟೂಲಿನಿಂದ ಇಳಿಯಲಿಲ್ಲ. ಅಲ್ಲೇ ಕಪಾಟಿಗೆ ಆತು ನಿಂತಳು. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಆ ಗಾದೆಯನ್ನು ನೂರು ಸಲ ಬೇರೆಯವರ ಮೇಲೆ ಪ್ರಯೋಗಿಸಿದ್ದಳು.

ಗಂಡ ಬಂದಾಗ ಡ್ರಿಲ್ಲು ಊಟದ ಮೇಜಿನ ನಟ್ಟನಡುವೆ ಇತ್ತು. ಆತ ಹೊಸದಾಗಿ ಕತ್ತರಿಸಿದ ತಲೆಯನ್ನು ಒಮ್ಮೆ ಸವರಿಕೊಂಡ. ಕುರ್ಚಿ ಎಳೆದು ಕೂತ.

"ಯಾವಾಗ?" ಎಂದಳು.

"ನಾಲ್ಕು ತಿಂಗಳಾಯ್ತು."

"ಯಾಕೆ?"

"ನಿಮ್ಮಮ್ಮನ ಫೋಟೋ ಹಾಕೋಕೆ. ಸುತ್ತಿಗೇಲಿ ಮೊಳೆ ಹೊಡೆದೆ ಅಂದಿದ್ನಲ್ಲ, ಸುಳ್ಳು."

"ನನ್ನ ಕೊರಳಲ್ಲೇ ಬೀಗದ ಕೈ ಇತ್ತು!"

"ಅದಕ್ಕೇ." ಆತ ಈಗ ನೇರವಾಗಿ ನೋಡಿದ. ಮನುಷ್ಯ ಸಾಮಾನ್ಯವಾಗಿ ದನಿ ಏರಿಸುವವನಲ್ಲ, ಅವತ್ತು ಸ್ವಲ್ಪ ಏರಿತು. "ಮೊದಲನೇ ಸಲ ಬಂದಿದ್ದೆ, ನೆನಪಿದೆಯಾ? ಹನ್ನೊಂದು ಗಂಟೆಗೆ ವಾಪಸ್ ಕೊಡಬೇಕಿತ್ತು, ಹನ್ನೊಂದೂ ಏಳಕ್ಕೆ ತಂದೆ. ನೀನು ಆ ನೋಟ್‌ಬುಕ್ ತೆಗೆದು ಕೆಂಪು ಇಂಕಲ್ಲಿ 'ತಡ' ಅಂತ ಬರೆದೆ. ಅವತ್ತು ರಜಾದಿನ, ಪಕ್ಕದಲ್ಲಿ ಆ ನರ್ಸ್ ಹುಡುಗಿ ನಿಂತಿದ್ಳು. ಬ್ಯಾಂಕಿನವನು ನಿಂತಿದ್ದ. ಸಹಿ ಮಾಡಿ ಅಂದೆ. ಮಾಡಿದೆ. ನಿಯಮ ಒಂಬತ್ತು ಜೋರಾಗಿ ಓದಿ ಅಂದೆ. ಓದಿದೆ. ಅರವತ್ತೆಂಟು ವರ್ಷದ ಗಂಡಸು ಕಣೇ ನಾನು. ಒಂದು ಮೊಳೆಗೋಸ್ಕರ."

"ನಿಯಮ ಎಲ್ಲರಿಗೂ ಒಂದೇ. ಮನೆಯವರು ಅಂತ ಬಿಟ್ರೆ ಜನ ಏನಂತಾರೆ?"

"ಏನೂ ಅನ್ನಲ್ಲ. ಬಟನ್ ಒತ್ತುತಾರೆ."

ನರ್ಸಿನ ಮೌನ ಲ್ಯಾಬಮ್ಮನಿಗೆ ಈಗ ಅರ್ಥವಾಯಿತು. ಅವಳು ಬಾಗಿಲು ಬಡಿಯದಿದ್ದದ್ದು ಮರೆವಿನಿಂದಲ್ಲ. ಹೆದರಿ.

ಅವತ್ತೂ ಮಾರನೇ ದಿನವೂ ಆಕೆ ಗಂಡನೊಡನೆ ಮಾತಾಡಲಿಲ್ಲ. ಮಗಳ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಹಳೆಯ ಲ್ಯಾಬನ್ನು ನೆನೆದಳು. ಆ ಮಕ್ಕಳು ಯಾಕೆ ಸಾಲಿನಲ್ಲಿ ನಿಲ್ಲುತ್ತಿದ್ದರು? ಒಳ್ಳೆಯವರಾಗಿದ್ದರು ಅಂತಲೋ? ಹಂಚಿಕೊಳ್ಳುವುದು ಸುಖ ಅಂತಲೋ? ಅಲ್ಲವೇ ಅಲ್ಲ. ಬೇರೆ ಸೂಕ್ಷ್ಮದರ್ಶಕ ಇರಲಿಲ್ಲ, ಬೇರೆ ದಾರಿ ಇರಲಿಲ್ಲ, ಕೈಯಲ್ಲಿ ಅಡಿಕೋಲು ಹಿಡಿದು ತಾನು ಪಕ್ಕದಲ್ಲಿ ನಿಂತಿರುತ್ತಿದ್ದಳು. ಮೊಬೈಲಿನಲ್ಲಿ ಬಟನ್ ಒತ್ತಿ ತರಿಸಿಕೊಳ್ಳುವ ಹಾಗಿದ್ದರೆ ಅರವತ್ತು ಮಕ್ಕಳೂ ಅರವತ್ತು ತರಿಸಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಆಕೆ ಒಳ್ಳೆಯತನ ಎಂದುಕೊಂಡಿದ್ದು ಬರೀ ಇಲ್ಲದತನವಾಗಿತ್ತೇ? ಪಕ್ಕದಲ್ಲಿ ಗಂಡ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ.

ಮಗಳು ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. "ಅಪ್ಪ ಕಪಾಟಿನ ಮೇಲೆ ಬಚ್ಚಿಟ್ಟಿದ್ರಾ? ನಾನು ಚಿಕ್ಕವಳಿದ್ದಾಗ ಮಾರ್ಕ್ಸ್ ಕಾರ್ಡನ್ನ ಅಲ್ಲೇ ಬಚ್ಚಿಡ್ತಿದ್ದೆ ಅಮ್ಮ!" ಲ್ಯಾಬಮ್ಮನಿಗೆ ನಗು ಬರಲಿಲ್ಲ.

ಊರಿಂದ ಬಂದ ವಾರದಲ್ಲಿ ಕಟ್ಟಡದ ವಾರ್ಷಿಕ ಸಭೆ. ಲ್ಯಾಬಮ್ಮ ಹಾಳೆ ಹಿಡಿದುಕೊಂಡೇ ಹೋದಳು. ಮನೆಮನೆಯ ಹೆಸರು ಹಿಡಿದು ಓದಬೇಕು, ಒಬ್ಬೊಬ್ಬರ ಮುಖಕ್ಕೂ ಇಳಿಸಬೇಕು ಎಂದು ಮೊದಲು ಅಂದುಕೊಂಡಿದ್ದಳು. ಎದ್ದು ನಿಂತಾಗ ಎದುರಿಗೆ ಗಂಡ ಕಾಣಿಸಿದ, ಕೊನೆಯ ಸಾಲಿನಲ್ಲಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ.

"ನಮ್ಮ ಕಟ್ಟಡದಲ್ಲಿ ಸ್ವಂತದ ಡ್ರಿಲ್ಲು ಹದಿಮೂರಿದೆ" ಎಂದಳು. "ಹೆಸರು ಹೇಳಲ್ಲ. ಒಂದು ಹೆಸರು ಮಾತ್ರ ಹೇಳ್ತೀನಿ. ಹದಿಮೂರನೇದು ನನ್ನ ಮನೇದು."

ಯಾರೋ ಫಕ್ಕನೆ ನಕ್ಕರು. ಆಮೇಲೆ ಇಡೀ ಕೋಣೆ. ನಗು ಕೆಟ್ಟದ್ದೇನೂ ಆಗಿರಲಿಲ್ಲ, ಹೊಟ್ಟೆಯ ಭಾರ ಇಳಿದವರ ನಗು. ನಗುತ್ತಿದ್ದವರೆಲ್ಲರ ಮುಖದಲ್ಲೂ 'ಸದ್ಯ, ಈಯಮ್ಮನ ಮನೇಲೂ ಇದೆ' ಎಂಬ ನೆಮ್ಮದಿ ಎದ್ದು ಕಾಣುತ್ತಿತ್ತು. ಅದೇ ಲ್ಯಾಬಮ್ಮನನ್ನು ಹೆಚ್ಚು ಕೆರಳಿಸಿದ್ದು.

"ನಗಬೇಡಿ!" ಎಂದಳು. "ನಗೋ ವಿಷಯ ಅಲ್ಲ. ನನ್ನ ನಿಯಮ ಅತಿಯಾಯ್ತು, ಒಪ್ಪಿದೆ. ನನ್ನ ನಾಲಿಗೆ ಸರಿ ಇಲ್ಲ, ಅದೂ ಒಪ್ಪಿದೆ. ಆದ್ರೆ ಒಬ್ಬರಾದ್ರೂ ಬಂದು 'ಅಮ್ಮ, ಹೀಗೆ ಮಾಡಬೇಡಿ, ಹಾಗೆ ಮಾಡಿ' ಅಂದ್ರಾ? ಹೇಳೋದಕ್ಕಿಂತ ಕೊಂಡ್ಕೊಳ್ಳೋದು ಸುಲಭ ಅಲ್ವಾ ನಿಮಗೆ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. "ಮೇಡಂ ಅವರ ಕಳಕಳಿ ಅರ್ಥವಾಗುತ್ತೆ. ಈ ಬಗ್ಗೆ ಒಂದು ಉಪಸಮಿತಿ ಮಾಡೋಣ. ಜಾಗೃತಿ ಮೂಡಿಸೋಕೆ ಗೇಟಿನ ಹತ್ರ ಒಂದು ದೊಡ್ಡ ಫ್ಲೆಕ್ಸ್ ಬ್ಯಾನರ್ ಹಾಕಿಸೋಣ."

"ಪ್ಲಾಸ್ಟಿಕ್ ಬ್ಯಾನರ್!" ಎಂದು ಹಲ್ಲಿನ ಡಾಕ್ಟರ್ ಮೆಲ್ಲಗೆ ಅಂದ. ಕಾರ್ಯದರ್ಶಿಗೆ ಕೇಳಿಸಲಿಲ್ಲ. ಬ್ಯಾನರ್ ಸರ್ವಾನುಮತದಿಂದ ಒಪ್ಪಿಗೆಯಾಯಿತು.

ಲ್ಯಾಬಮ್ಮ ಅವತ್ತೇ ನಿಯಮದ ಹಾಳೆ ಹರಿದು, ನೋಟ್‌ಬುಕ್ಕನ್ನು ಮೊಮ್ಮಗಳ ಲೆಕ್ಕ ಬಿಡಿಸಲು ಎತ್ತಿಟ್ಟು, ಕೊರಳಿನ ಬೀಗದ ಕೈಯನ್ನು ಬೀರುವಿನ ಪಕ್ಕದ ಗೋಡೆಗೆ ನೇತುಹಾಕಿದಳು. "ಯಾರು ಬೇಕಾದ್ರೂ ತಗೊಳ್ಳಿ, ಹಾಳಾಗಿ ಹೋಗಿ" ಎಂದು ವಾಚ್‌ಮ್ಯಾನ್‌ಗೆ ಹೇಳಿ ಮೇಲೆ ಬಂದಳು.

ಆಮೇಲೆ ಏನಾಯಿತು ಎಂದರೆ, ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಹೊಲಿಗೆ ಯಂತ್ರದ ಸೂಜಿಯ ಡಬ್ಬಿ ಒಂದು ವಾರದಲ್ಲಿ ಮಾಯವಾಯಿತು. ಸೂಟ್‌ಕೇಸು ಯಾರದೋ ಜೊತೆ ವಿಮಾನ ಹತ್ತಿ ಹೋದದ್ದು ಇನ್ನೂ ಬಂದಿಲ್ಲ. ಆದರೆ ನರ್ಸ್ ಸಂಜೆ ಏಳರ ಮೇಲೆ ಬಂದು ಯಂತ್ರದಲ್ಲಿ ತನ್ನ ಸಮವಸ್ತ್ರದ ಅಂಚು ಹೊಲಿದುಕೊಳ್ಳತೊಡಗಿದಳು. ಹೋಗುವಾಗ ಎಣ್ಣೆ ಬಿಟ್ಟು ಒರೆಸಿ ಹೋಗುತ್ತಿದ್ದಳು, ಅವಳಿಗೆ ಹಾಗೆ ಮಾಡಲು ಯಾವ ನಿಯಮವೂ ಹೇಳಿರಲಿಲ್ಲ. ಒಂದು ದಿನ ಬೀರುವಿನಲ್ಲಿ ಎರಡು ಡ್ರಿಲ್ಲು ಕಾಣಿಸಿದವು. ಇನ್ನೊಂದು ವಾರಕ್ಕೆ ಮೂರು. ಆಮೇಲೆ ನಾಲ್ಕು. ಲ್ಯಾಬಮ್ಮನ ಎದೆ ಹಿಗ್ಗಿತು. ಜನರಿಗೆ ನಾಚಿಕೆಯಾಗಿದೆ, ತಂದು ಇಡುತ್ತಿದ್ದಾರೆ! ಇಳಿದು ಹೋಗಿ ಬ್ಯಾಂಕಿನವನ ಕೈ ಹಿಡಿದುಕೊಂಡು, "ನಿನ್ನದನ್ನ ಕೊಟ್ಯಂತಲ್ಲಪ್ಪ, ವಾಚ್‌ಮ್ಯಾನ್ ಹೇಳಿದ. ಸಂತೋಷ" ಎಂದಳು.

"ಇರಲಿ ಆಂಟಿ" ಎಂದ ಆತ. "ವೈರ್ ಇಲ್ಲದ್ದು ಬಂದಿದೆ ಈಗ, ಬ್ಯಾಟರಿದು. ಅದನ್ನ ತಗೊಂಡೆ. ಹಳೇದು ಮನೇಲಿ ಜಾಗ ತಿನ್ನುತ್ತಿತ್ತು."

ವಿಚಾರಿಸಿದರೆ ಹೊಸದಾಗಿ ಬಂದ ಮೂರರ ಕಥೆಯೂ ಅದೇ.

ಆಕೆ ಮೇಲೆ ಬಂದು ಗಂಡನ ಎದುರು ಧೊಪ್ಪನೆ ಕೂತಳು. ಹೇಳಿದಳು. ಗಂಡ ಪತ್ರಿಕೆಯ ಅಂಚನ್ನು ಮಡಿಸಿದ. "ಬೀರುವರೆಗಾದ್ರೂ ಇಳೀತಲ್ಲ" ಎಂದ. "ಮುಂಚೆ ಆಗಿದ್ರೆ ಕಸದ ತೊಟ್ಟಿಗೆ ಹೋಗ್ತಿತ್ತು."

"ಅದು ಸಮಾಧಾನಾನಾ?"

"ಅಲ್ಲ. ಆದ್ರೆ ಅಷ್ಟೇ ಇರೋದು."

"ನಿಮ್ಮದನ್ನ ಯಾವಾಗ ಇಡ್ತೀರಿ?"

"ನೋಡೋಣ" ಎಂದು ಆತ ಪತ್ರಿಕೆ ಬಿಡಿಸಿದ.

ಕಳೆದ ತಿಂಗಳು ನಾಲ್ಕನೇ ಮಹಡಿಗೆ ಹೊಸ ಸಂಸಾರವೊಂದು ಬಂತು. ಗಂಡ, ಹೆಂಡತಿ, ಕಂಕುಳಲ್ಲೊಂದು ಕೂಸು. ಬಂದ ಮಾರನೇ ಬೆಳಗ್ಗೆ ಆ ಯುವಕ ಲ್ಯಾಬಮ್ಮನ ಬಾಗಿಲು ತಟ್ಟಿದ. ಮಗುವಿನ ತೊಟ್ಟಿಲಿಗೆ ಕೊಕ್ಕೆ ಹಾಕಬೇಕಿತ್ತಂತೆ, ಕೆಳಗೆ ವಾಚ್‌ಮ್ಯಾನ್ ಹೇಳಿದನಂತೆ. ಲ್ಯಾಬಮ್ಮನ ಬಾಯಿಗೆ ನಿಯಮ ಒಂದರಿಂದ ಹದಿನಾರರವರೆಗೆ ಸಾಲಾಗಿ ಬಂದವು. ಎಲ್ಲವನ್ನೂ ನುಂಗಿಕೊಂಡಳು. ತಾನೇ ಕೆಳಗಿಳಿದು ಹೋಗಿ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ಯಾವ ಮೊನೆ ಯಾವ ಗೋಡೆಗೆ ಎಂದು ಸಹನೆಯಿಂದ ತೋರಿಸಿಕೊಟ್ಟಳು.

ಇಪ್ಪತ್ತೇ ನಿಮಿಷದಲ್ಲಿ ಆತ ವಾಪಸು ತಂದ. ಸಿಮೆಂಟಿನ ಧೂಳು ಒರೆಸಿ, ವೈರು ಸುತ್ತಿ ತಂದಿದ್ದ. ಲ್ಯಾಬಮ್ಮನಿಗೆ ಹುಡುಗ ಮೆಚ್ಚುಗೆಯಾದ.

"ತುಂಬಾ ಚೆನ್ನಾಗಿದೆ ಆಂಟಿ ಈ ಮೆಷಿನ್" ಎಂದು ಆತ ಮೊಬೈಲು ತೆಗೆದು ಡ್ರಿಲ್ಲಿನ ಫೋಟೋ ಹೊಡೆದುಕೊಂಡ. "ಇದೇ ಕಂಪನಿದು ಒಂದು ತರಿಸ್ಕೋತೀನಿ."

"ಯಾಕೆ?"

"ಪದೇ ಪದೇ ಬಂದು ನಿಮಗೆ ತೊಂದರೆ ಕೊಡಬಾರದಲ್ವಾ?"

ಲ್ಯಾಬಮ್ಮನಿಗೆ ಏನಾಯಿತೋ, ಎಂಟು ತಿಂಗಳಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಒಂದೇ ಸಲ ಉಕ್ಕಿತು. "ತೊಂದರೆ ಕೊಡಿ!" ಎಂದು ಕೂಗಿದಳು. ಲಿಫ್ಟಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. "ದಿನಾ ಬನ್ನಿ. ಬೆಳಗ್ಗೆ ಬನ್ನಿ, ಊಟದ ಹೊತ್ತಲ್ಲಿ ಬನ್ನಿ, ನಿದ್ದೆ ಮಾಡೋವಾಗ ಬಂದು ಎಬ್ಬಿಸಿ! ನಿಮಗೆ ಯಾರಪ್ಪ ಹೇಳಿಕೊಟ್ಟಿದ್ದು ಪಕ್ಕದ ಮನೆಯವರಿಗೆ ತೊಂದರೆ ಕೊಡಬಾರದು ಅಂತ? ಒಬ್ಬರಿಗೊಬ್ಬರು ತೊಂದರೆ ಕೊಡದೇ ಬದುಕೋಕೆ ಹೋಗಿ ತಾನೇ ಮನೆ ಮನೆಯೂ ಅಂಗಡಿ ಆಗಿರೋದು? ನಾನು ಬೈತೀನಿ, ಬೈಸಿಕೊಳ್ಳಿ. ನಾಳೆ ನಿಮ್ಮ ಮಗು ಅಳುವಾಗ ನಾನು ಬಂದು ತೊಂದರೆ ಕೊಡ್ತೀನಿ, ಸಹಿಸಿಕೊಳ್ಳಿ. ಆದ್ರೆ ಆ ಬಟನ್ ಒಂದನ್ನ ಒತ್ತಬೇಡಿ!"

ಯುವಕ ಎರಡು ಹೆಜ್ಜೆ ಹಿಂದೆ ಸರಿದ. ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಆಯ್ತು ಆಂಟಿ" ಎಂದ, ಹೆದರಿದ್ದನೋ ಒಪ್ಪಿದ್ದನೋ ಹೇಳುವುದು ಕಷ್ಟ. ಗಂಡ ಒಳಗಿನಿಂದ ಬಂದು, "ಒಳ್ಳೇವಳೇ, ಸ್ವಲ್ಪ ಗಂಟಲು ಜೋರು ಅಷ್ಟೇ" ಎಂದು ಆತನ ಭುಜ ತಟ್ಟಿ ಕಳಿಸಿದ.

ಆತ ಬಟನ್ ಒತ್ತಿದನೋ ಬಿಟ್ಟನೋ ಲ್ಯಾಬಮ್ಮನಿಗೆ ಗೊತ್ತಿಲ್ಲ. ಮೇಲೆ ಹೋಗಿ ಕೇಳಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದಳು, ಎರಡು ಸಲವೂ ಗಂಡ ತಡೆದ. ಕೇಳಿದರೆ 'ಇಲ್ಲ' ಎಂದೇ ಹೇಳುತ್ತಾನೆ, ಕಪಾಟಿನ ಮೇಲೆ ಬಚ್ಚಿಡುತ್ತಾನೆ, ಅದಕ್ಕಿಂತ ಗೊತ್ತಿಲ್ಲದಿರುವುದೇ ವಾಸಿ ಎಂದ. ಅನುಭವಸ್ಥನ ಮಾತು. ಆಕೆ ಗೊಣಗುತ್ತ ಚಪ್ಪಲಿ ಬಿಟ್ಟಳು, ಸೂಜಿಯ ಹೊಸ ಡಬ್ಬಿಯೊಂದನ್ನು ತೆಗೆದುಕೊಂಡು ಮೆಟ್ಟಿಲಿಳಿದಳು. ಯಂತ್ರದಲ್ಲಿ ಉಳಿದಿದ್ದ ಒಂದೇ ಸೂಜಿಯೂ ನಿನ್ನೆ ಮುರಿದಿತ್ತು, ಆ ನರ್ಸ್ ಹುಡುಗಿ ಸಂಜೆ ಹೊಲಿಯಲು ಬರುವವಳಿದ್ದಳು.